ಹಿಟ್ಟಿನ ಕೋಳಿಯೂ ನಮ್ಮ ಅಡುಗೆಮನೆಯೂ

ನಮ್ಮ ಮನೆಯಲ್ಲಿ ಬೆಳಗಿನ ಮೊದಲ ಸದ್ದು ಸೌದೆಯದು. ಕುಂದಾಪುರದಿಂದ ಮೂಡಲಿಗೆ, ವಾರಾಹಿ ಹೊಳೆಯ ಬದಿಯಲ್ಲಿ ನಮ್ಮ ಹಳ್ಳಿ. ಅಜ್ಜನ ತಂಗಿಯೊಬ್ಬಳು ಮನೆಯಲ್ಲಿದ್ದಳು. ಹಿರಿಯರೂ ಕಿರಿಯರೂ ಆಕೆಯನ್ನು ದೊಡ್ಡತ್ತೆ ಎಂದೇ ಕರೆಯುತ್ತಿದ್ದರು. ನಸುಕಿನಲ್ಲಿ ಎದ್ದು ಮಿಂದು ಬಂದು ಒಲೆಯ ಮುಂದೆ ಕುಳಿತವಳು, ಪ್ರತಿಯೊಂದು ಸೌದೆಯ ತುಂಡನ್ನೂ ನೆಲಕ್ಕೆ ಎರಡು ಬಾರಿ ಕುಟ್ಟಿ, ತಿರುಗಿಸಿ ನೋಡಿ, ಆಮೇಲೆಯೇ ಒಲೆಗೆ ಒಡ್ಡುತ್ತಿದ್ದಳು. ನಾನು ಆರೇಳು ವರ್ಷದ ಹುಡುಗ. ಯಾಕೆ ಹೀಗೆ ಕುಟ್ಟುವುದು ಎಂದು ಕೇಳಿದರೆ, ಒಳಗೆ ಇರುವೆಯೋ ಹುಳವೋ ಇದ್ದರೆ ಇಳಿದು ಹೋಗಲಿ ಎಂದಿದ್ದಳು. ಇಳಿಯದಿದ್ದರೆ? ಅದಕ್ಕೇ ಎರಡು ಸಲ ಕುಟ್ಟುವುದು ಎಂಬುದು ಆಕೆಯ ಉತ್ತರ.

ಮುಂದೆ ಕಾಲೇಜಿನಲ್ಲಿ ಹಳಗನ್ನಡದ ಪಾಠ ಹೇಳುತ್ತಿದ್ದ ಕಾಲದಲ್ಲಿ ಮನುಸ್ಮೃತಿಯ ಮೂರನೆಯ ಅಧ್ಯಾಯವನ್ನು ಯಾವುದೋ ಕಾರಣಕ್ಕೆ ತಿರುವಿಹಾಕುತ್ತಿದ್ದಾಗ ಪಂಚಸೂನಗಳ ಮಾತು ಎದುರಾಯಿತು. ಗೃಹಸ್ಥನ ಮನೆಯಲ್ಲಿ ಐದು ಕಸಾಯಿಖಾನೆಗಳಿವೆಯಂತೆ: ಒಲೆ, ಅರೆಯುವ ಕಲ್ಲು, ಕಸಬರಿಗೆ, ಒರಳು, ನೀರಿನ ಕೊಡ. ಬೇಯಿಸುವಲ್ಲಿ, ಅರೆಯುವಲ್ಲಿ, ಗುಡಿಸುವಲ್ಲಿ, ಕುಟ್ಟುವಲ್ಲಿ, ನೀರು ತರುವಲ್ಲಿ ಕಣ್ಣಿಗೆ ಕಾಣದ ಎಷ್ಟೋ ಜೀವಗಳು ಸಾಯುತ್ತವೆ. ಆ ಪಾಪ ತೊಳೆಯಲು ನಿತ್ಯವೂ ಐದು ಯಜ್ಞಗಳನ್ನು ಮಾಡಬೇಕು. ಅವುಗಳಲ್ಲಿ ಪ್ರಾಣಿಪಕ್ಷಿಗಳಿಗೆ ಅನ್ನ ಇಡುವುದೂ ಅತಿಥಿಗೆ ಉಣಿಸುವುದೂ ಸೇರಿವೆ. ಅದೇ ಗ್ರಂಥದ ಉಳಿದ ಎಷ್ಟೋ ಮಾತುಗಳನ್ನು ನಾನು ಒಪ್ಪಲಾರೆ. ಆದರೆ ಇದನ್ನು ಓದಿದಾಗ ದೊಡ್ಡತ್ತೆಯ ಸೌದೆ ಕಿವಿಯಲ್ಲಿ ಸದ್ದು ಮಾಡಿತು. ಮಾಂಸವಿಲ್ಲದ ಅಡುಗೆಮನೆ ಹಿಂಸೆಯಿಲ್ಲದ ಅಡುಗೆಮನೆ ಎಂದು ಎದೆಯುಬ್ಬಿಸುವವರಿಗೆ ಹಳಬರೇ ಉತ್ತರ ಹೇಳಿಟ್ಟಿದ್ದಾರೆ: ಹಾಗಲ್ಲ, ಅಲ್ಲಿಯೂ ಸಾಲವಿದೆ, ತೀರಿಸಬೇಕು.

ಇಂದಿನ ಮಾತು ಆ ಸಾಲದ ಲೆಕ್ಕವನ್ನು ಕುರಿತದ್ದು. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕಡೆಯ ಸಸ್ಯಾಹಾರದ ಅಡುಗೆ ಹೊರಗಿನವರಿಗೆ ಉಡುಪಿಯ ಅಡುಗೆ ಎಂಬ ಹೆಸರಿನಿಂದ ಗೊತ್ತು. ಬೈಂದೂರು, ಬ್ರಹ್ಮಾವರಗಳು ಪ್ರತ್ಯೇಕ ತಾಲೂಕುಗಳಾದುದು 2018ರಲ್ಲಿ. ಆದರೆ ಊಟದ ಸೀಮೆಗೆ ಸರಕಾರದ ಗಡಿ ಯಾವತ್ತೂ ತಾಗಿದ್ದಿಲ್ಲ. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಹೋದಾಗ ಕುಂದಾಪುರವನ್ನು ಬಿಡಿಸಿಕೊಂಡು ಮದರಾಸಿನಲ್ಲಿಯೇ ಉಳಿಸಿದರು. ನಮ್ಮ ಹುಳಿ, ತಂಬಳಿ, ಸಾಸಿವೆಗಳಿಗೆ ಅದು ತಿಳಿಯಲೇ ಇಲ್ಲ. ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಈ ಸೀಮೆ ಸಸ್ಯಾಹಾರಿಗಳ ಸೀಮೆಯಲ್ಲ. ಕಡಲು ಪಕ್ಕದಲ್ಲಿದೆ, ಬಹುಪಾಲು ಮನೆಗಳಲ್ಲಿ ಮೀನು ಅನ್ನದಷ್ಟೇ ಸಹಜ. ಆ ಮನೆಗಳಲ್ಲಿಯೂ ಚೌತಿಗೆ, ಸೋಣೆಯ ಶನಿವಾರಗಳಿಗೆ ಬೇರೆಯೇ ಪಾತ್ರೆ ಇಳಿಯುತ್ತದೆ, ಬೇರೆಯೇ ಶ್ರದ್ಧೆಯಿಂದ ಒಗ್ಗರಣೆ ಬೀಳುತ್ತದೆ. ಆದ್ದರಿಂದ ಸಸ್ಯಾಹಾರ ಇಲ್ಲಿ ಒಂದು ಜಾತಿಯ ಆಸ್ತಿಯಲ್ಲ, ಆ ಜಾತಿ ಎಷ್ಟೇ ಗಟ್ಟಿಯಾಗಿ ಹಾಗೆ ಹೇಳಿಕೊಂಡಿದ್ದರೂ.

ಸಾಹಿತ್ಯದ ವಿದ್ಯಾರ್ಥಿಯಾದ ನನಗೆ ಈ ಚರಿತ್ರೆಯ ಬಾಗಿಲು ತೆರೆದದ್ದು ಜನ್ನನ ಯಶೋಧರ ಚರಿತೆ. ಹೊಯ್ಸಳರ ಆಸ್ಥಾನದ ಜನ್ನ ಅದನ್ನು ಬರೆದದ್ದು 1209ರಲ್ಲಿ. ಕಥೆ ನಿಮಗೆ ತಿಳಿದದ್ದೇ. ಉಜ್ಜಯಿನಿಯ ಯಶೋಧರ ಹೆಂಡತಿಯ ಜಾರತನವನ್ನು ಕಂಡು ನೊಂದು, ಅದನ್ನು ದುಃಸ್ವಪ್ನವೆಂದು ಮರೆಮಾಚಿ ತಾಯಿಗೆ ಹೇಳುತ್ತಾನೆ. ಶಾಂತಿಗಾಗಿ ದೇವಿಗೆ ಪ್ರಾಣಿಬಲಿ ಕೊಡು ಎನ್ನುತ್ತಾಳೆ ತಾಯಿ. ಕೊಲ್ಲಲಾರೆ ಎನ್ನುತ್ತಾನೆ ಮಗ. ಕೊನೆಗೆ ಇಬ್ಬರಿಗೂ ಒಪ್ಪಿಗೆಯಾಗುವ ಒಂದು ರಾಜಿ: ಹಿಟ್ಟಿನ ಕೋಳಿ. ಅದನ್ನು ಕಡಿಯುವಾಗ ಅದು ಕೂಗುತ್ತದೆ. ಕಡಿದವನೂ ಕಡಿಸಿದವಳೂ ವಿಷದ ಲಾಡು ತಿಂದು ಸತ್ತು, ಪ್ರಾಣಿಗಳಾಗಿ ಹುಟ್ಟಿ ಹುಟ್ಟಿ, ಕೊಲ್ಲಿಸಿಕೊಂಡು ಸಾಯುತ್ತಾರೆ. ರಕ್ತದ ಒಂದು ಹನಿಯೂ ಚೆಲ್ಲದಿದ್ದ ಮೇಲೆ ಈ ದಂಡ ಯಾತಕ್ಕೆ? ಜೈನರ ಉತ್ತರ ಸ್ಪಷ್ಟ. ಅವರು ಹಿಂಸೆಯನ್ನು ಸಂಕಲ್ಪ, ಆರಂಭ, ಉದ್ಯೋಗ, ವಿರೋಧ ಎಂದು ವಿಂಗಡಿಸುತ್ತಾರೆ. ಅಡುಗೆ, ಬೀಸುವಿಕೆ, ಗುಡಿಸುವಿಕೆಗಳಲ್ಲಿ ಆಗುವುದು ಆರಂಭದ ಹಿಂಸೆ. ಗೃಹಸ್ಥ ಅದನ್ನು ಪೂರ್ತಿ ತಪ್ಪಿಸಲಾರ, ಕಡಿಮೆ ಮಾಡಿಕೊಳ್ಳಬಹುದು. ಕೊಲ್ಲಬೇಕೆಂದು ಮನಸ್ಸು ಮಾಡುವುದು ಸಂಕಲ್ಪಹಿಂಸೆ, ಅದಕ್ಕೆ ಕ್ಷಮೆಯಿಲ್ಲ. ಯಶೋಧರನ ಕತ್ತಿ ಬಿದ್ದದ್ದು ಹಿಟ್ಟಿನ ಮೇಲೆ, ಆದರೆ ಮನಸ್ಸು ಬಿದ್ದದ್ದು ಕೋಳಿಯ ಮೇಲೆ.

ಅದೇ ಶತಮಾನದಲ್ಲಿ, ನಮ್ಮ ಕರಾವಳಿಯಲ್ಲಿ, ಇದೇ ಹಿಟ್ಟು ಇನ್ನೊಂದು ರೂಪದಲ್ಲಿ ಬರುತ್ತದೆ. ಪಾಜಕದಲ್ಲಿ ಹುಟ್ಟಿ ಉಡುಪಿಯಲ್ಲಿ ಕೃಷ್ಣನನ್ನು ಪ್ರತಿಷ್ಠಿಸಿದ ಮಧ್ವಾಚಾರ್ಯರು (1238–1317) ಯಜ್ಞದಲ್ಲಿ ಜೀವಂತ ಪಶುವಿನ ಬದಲು ಹಿಟ್ಟಿನ ಪಶು ಸಾಕೆಂದರು ಎನ್ನುವುದು ಆ ಸಂಪ್ರದಾಯದ ಹೆಮ್ಮೆಯ ಮಾತು. ಹಿಟ್ಟಿನ ಪಶುವಿನ ಕಲ್ಪನೆ ಅವರಿಗಿಂತ ಹಳೆಯದು, ಮನುಸ್ಮೃತಿಯಲ್ಲಿಯೂ ಅದರ ಉಲ್ಲೇಖವಿದೆ. ಆದರೆ ಅದನ್ನು ಆಚರಣೆಯ ಪಟ್ಟಕ್ಕೆ ಏರಿಸಿದ ಕೀರ್ತಿಯನ್ನು ನಮ್ಮ ಸೀಮೆ ಅವರಿಗೆ ಕೊಟ್ಟಿದೆ. ನೋಡಿ, ಎಂತಹ ವಿಚಿತ್ರ. ಒಬ್ಬರಿಗೆ ಹಿಟ್ಟಿನ ಪಶು ಹಿಂಸೆಯಿಂದ ಬಿಡುಗಡೆ, ಇನ್ನೊಬ್ಬರಿಗೆ ಅದೇ ಹಿಂಸೆಯ ಬೀಜ. ಬಾರಕೂರಿನ ಬಸದಿಯೂ ಹಟ್ಟಿಅಂಗಡಿಯ ಬಸದಿಯೂ ನಮ್ಮ ದೇವಸ್ಥಾನಗಳ ನೆರೆಯಲ್ಲೇ ಇದ್ದವು. ಈ ಎರಡು ಮಾತುಗಳೂ ಈ ಮಣ್ಣಿನಲ್ಲಿ ಅಕ್ಕಪಕ್ಕ ಬಾಳಿದವು. ನನ್ನನ್ನು ಕೇಳಿದರೆ, ಬದುಕಿಗೆ ಮಧ್ವರ ರಾಜಿಯೇ ಬೇಕು. ಒಂದು ಆಡಾದರೂ ಉಳಿಯುತ್ತದಲ್ಲ. ಆದರೆ ಆ ರಾಜಿ ಸೊಕ್ಕಾಗದಂತೆ ಕಾಯಲು ಜನ್ನನ ಕೋಳಿ ಕೂಗುತ್ತಲೇ ಇರಬೇಕು. ಗಿರೀಶ ಕಾರ್ನಾಡರು 1980ರ ‘ಹಿಟ್ಟಿನ ಹುಂಜ’ದಲ್ಲಿ ಅದನ್ನು ಮತ್ತೆ ಕೂಗಿಸಿದರು.

ನಮ್ಮ ಅಡುಗೆಮನೆಯಲ್ಲಿಯೂ ಒಂದು ಹಿಟ್ಟಿನ ಕೋಳಿ ಇತ್ತು: ಬೂದುಗುಂಬಳ. ಇಡೀ ಕಾಯಿಗೆ ಹೆಂಗಸರು ಕತ್ತಿ ತಾಗಿಸುತ್ತಿರಲಿಲ್ಲ. ಅಪ್ಪನೋ ಚಿಕ್ಕಪ್ಪನೋ ಬಂದು ಮೊದಲ ಏಟು ಹಾಕಿ ಎರಡಾಗಿ ಸೀಳಿದ ಮೇಲೆಯೇ ಅದು ತರಕಾರಿಯಾಗುತ್ತಿತ್ತು. ಅದಕ್ಕೆ ಮೊದಲು ಅದು ಏನಾಗಿತ್ತು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಇನ್ನು ಅಡುಗೆಯ ಒಳಗಿನ ಚರಿತ್ರೆ. ಇತಿಹಾಸಕಾರರು ಬಾರಕೂರಿಗೆ ಶಾಸನ ಹುಡುಕಿಕೊಂಡು ಬರುತ್ತಾರೆ. ನಾನಾದರೆ ಅವರನ್ನು ಒಂದು ಶ್ರಾದ್ಧದ ಅಡುಗೆಗೆ ಕರೆದೊಯ್ಯುತ್ತೇನೆ. ನಮ್ಮ ಮನೆಯ ಶ್ರಾದ್ಧದಲ್ಲಿ ಒಣಮೆಣಸಿಲ್ಲ, ಖಾರಕ್ಕೆ ಕಾಳುಮೆಣಸು. ಬಟಾಟೆ ಇಲ್ಲ, ಟೊಮೇಟೊ ಇಲ್ಲ, ಎಲೆಕೋಸು ಹೂಕೋಸುಗಳಿಲ್ಲ; ಬಾಳೆಕಾಯಿ, ಹಾಗಲಕಾಯಿ, ಉದ್ದು, ಎಳ್ಳು ಉಂಟು. ಅನ್ನಕ್ಕೆ ಬೆಳ್ತಿಗೆ ಅಕ್ಕಿಯೇ ಆಗಬೇಕು. ಕುಚ್ಚಲಕ್ಕಿ ಒಮ್ಮೆ ಬೆಂದದ್ದು, ಪಿತೃಗಳಿಗೆ ಸಲ್ಲದು. ಶಾಸ್ತ್ರದ ಕಾರಣ ಏನೇ ಇರಲಿ, ಫಲವನ್ನು ನೋಡಿ: ಪೋರ್ಚುಗೀಸರು ಬರುವುದಕ್ಕೆ ಮೊದಲಿನ ಒಂದು ಕರಾವಳಿಯ ಊಟ ವರ್ಷಕ್ಕೊಂದು ಸಲ ನಮ್ಮ ಎಲೆಯ ಮೇಲೆ ಜೀವಂತವಾಗಿ ಬಂದು ಕೂರುತ್ತದೆ. 16ನೆಯ ಶತಮಾನದ ಆದಿಭಾಗದ ಮೂರನೆಯ ಮಂಗರಸನ ಸೂಪಶಾಸ್ತ್ರವನ್ನು ತೆರೆದರೆ ಬದನೆ, ಬಾಳೆ, ಹಲಸುಗಳ ಪಾಕವನ್ನು ಷಟ್ಪದಿಯಲ್ಲಿ ಹೇಳುವ ಆ ಜೈನ ಕವಿಯ ಅಡುಗೆಗೂ ನಮ್ಮ ಶ್ರಾದ್ಧದ ಅಡುಗೆಗೂ ಇರುವ ನಂಟು ಬೇಗನೆ ಕಾಣುತ್ತದೆ. ಎರಡಕ್ಕೂ ಮೆಣಸಿನಕಾಯಿಯ ಪರಿಚಯವಿಲ್ಲ.

ಮೆಣಸಿನಕಾಯಿ ಅಮೆರಿಕದ್ದು; ಹಡಗಿನಲ್ಲಿ ಬಂತು. ಬಸರೂರು ಆಗ ದೊಡ್ಡ ಬಂದರು. ಅಲ್ಲಿಂದ ಗೋವೆಗೆ ಅಕ್ಕಿ ಹೋಗುತ್ತಿತ್ತು. ಆ ಅಕ್ಕಿಗಾಗಿಯೇ ಪೋರ್ಚುಗೀಸರು ಅಲ್ಲಿನ ವರ್ತಕರೊಡನೆ ಜಗಳವಾಡಿದರು, 1569ರಲ್ಲಿ ಅದನ್ನು ವಶಮಾಡಿಕೊಂಡರು. 1665ರಲ್ಲಿ ಶಿವಾಜಿ ಹಡಗುಗಳನ್ನು ತಂದು ಸೂರೆಮಾಡುವಷ್ಟು ಸಂಪತ್ತು ಅಲ್ಲಿತ್ತು. ಬೈಂದೂರಿನ ಬಡಗಣ ಸೀಮೆಯಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿ ಆಳುತ್ತಿದ್ದಳು. ಪೋರ್ಚುಗೀಸರು ಆಕೆಗೆ ಮೆಣಸಿನ ರಾಣಿ ಎಂದು ಹೆಸರಿಟ್ಟರು. ಆ ಮೆಣಸು ಕಾಳುಮೆಣಸು. ನಾವು ಕಾಳುಮೆಣಸನ್ನು ಹಡಗಿಗೆ ಏರಿಸಿ, ಹಡಗು ಇಳಿಸಿದ ಕೆಂಪು ಕಾಯಿಯನ್ನು ಅಡುಗೆಮನೆಗೆ ತಂದುಕೊಂಡೆವು. ಸಾಲದೆಂಬಂತೆ ಹೆಸರನ್ನೂ ಅದಕ್ಕೇ ಕೊಟ್ಟೆವು. ಇಂದು ನಮ್ಮ ಕಡೆ ಬರೇ ಮೆಣಸು ಎಂದರೆ ಮೆಣಸಿನಕಾಯಿ; ಊರಿನ ಹಳೆಯ ಒಡೆಯನಾದ ಮೆಣಸು ತಾನು ಕಾಳುಮೆಣಸು, ಒಳ್ಳೆಮೆಣಸು ಎಂದು ವಿಶೇಷಣ ಹಚ್ಚಿಕೊಂಡು ಗುರುತು ಹೇಳಬೇಕು. ಶುದ್ಧ ಸನಾತನ ಅಡುಗೆ ಎಂದು ಯಾರಾದರೂ ಹೇಳಿದಾಗ ನನಗೆ ನಗು ಬರುವುದು ಇದರಿಂದ.

ಸಂಯಮದ ಮಾತಿಗೆ ಬರೋಣ. ಚಾತುರ್ಮಾಸ್ಯದ ನಾಲ್ಕು ತಿಂಗಳು, ಮಾಧ್ವರ ಮನೆಗಳಲ್ಲಿ, ಮೊದಲ ತಿಂಗಳು ತರಕಾರಿ ಬಿಡುವುದು, ಎರಡನೆಯದು ಮೊಸರು, ಮೂರನೆಯದು ಹಾಲು, ನಾಲ್ಕನೆಯದು ದ್ವಿದಳ ಧಾನ್ಯ. ಇಷ್ಟನ್ನು ಕಟ್ಟುನಿಟ್ಟಾಗಿ ನಡೆಸಿದವರು ನನ್ನ ಕಾಲಕ್ಕೇ ಕಡಿಮೆ. ಆದರೆ ಮಳೆಗಾಲ ಎಲ್ಲರಿಂದಲೂ ಒಂದು ವ್ರತ ಮಾಡಿಸುತ್ತಿತ್ತು. ಆಷಾಢದಲ್ಲಿ ಕಡಲಿಗೆ ದೋಣಿ ಇಳಿಯದು, ಹಿತ್ತಿಲಲ್ಲಿ ತರಕಾರಿ ಇಲ್ಲ, ಸಂತೆಗೆ ಹೋಗಲು ಹೊಳೆ ಬಿಡದು. ಆಗ ಮೀನು ತಿನ್ನುವವನೂ ತಿನ್ನದವನೂ ಒಂದೇ ಬೇಲಿಯ ಬುಡದಲ್ಲಿ ಸೊಪ್ಪು ಹುಡುಕುತ್ತಿದ್ದರು: ತಗತೆ, ಕೆಸು, ಮರಕೆಸು, ಕಳಲೆ. ಅಟ್ಟದಲ್ಲಿ ಹಲಸಿನ ಬೀಜ, ಭರಣಿಯಲ್ಲಿ ಉಪ್ಪಿಗೆ ಹಾಕಿದ ಸೊಳೆ. ಹೀರೆಕಾಯಿ ಪಲ್ಯವಾದರೆ ಅದರ ಸಿಪ್ಪೆ ಚಟ್ನಿಯಾಗಬೇಕು; ಮಾವಿನ ಹಣ್ಣು ಸಾಸಿವೆಯಾದರೆ ಗೊರಟು ಮಣ್ಣಿಗೆ. ಎಸೆಯುವುದೆಂಬ ಕ್ರಿಯಾಪದವೇ ಆ ಅಡುಗೆಮನೆಗೆ ತಿಳಿಯದು. ಇದನ್ನು ನಾವು ಈಗ ನೀತಿ ಎನ್ನುತ್ತೇವೆ. ಆಗ ಅದಕ್ಕೆ ಬಡತನವೆಂಬ ಹೆಸರೂ ಇತ್ತು.

ದೊಡ್ಡತ್ತೆಗೆ ಮರಳುತ್ತೇನೆ. ಬಾಲ್ಯದಲ್ಲಿಯೇ ವಿಧವೆಯಾಗಿ ತವರಿಗೆ ಬಂದವಳು ಆಕೆ. ತಲೆ ಬೋಳಿಸಿದ ಕೆಂಪು ಸೀರೆಯ ಆ ಹೆಂಗಸು ನಲವತ್ತು ಜನರ ಕೂಡುಕುಟುಂಬಕ್ಕೆ ಅಡುಗೆ ಮಾಡಿ ತಾನು ಉಣ್ಣುತ್ತಿದ್ದುದು ಒಪ್ಪತ್ತು. 1965ರಲ್ಲಿ ದೇಶಕ್ಕೆ ಅಕ್ಕಿ ಗೋಧಿಯ ಬರ ಬಂದು, ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತಿನ ಊಟ ಬಿಡಿರೆಂದು ಕೇಳಿಕೊಂಡರು. ಸೋಮವಾರ ಸಂಜೆ ಹೋಟೆಲುಗಳೂ ಬಾಗಿಲು ಹಾಕಿದವು. ನಮ್ಮ ಜಗುಲಿಯಲ್ಲಿ ಅದರ ಬಗ್ಗೆ ದೊಡ್ಡ ಚರ್ಚೆ ನಡೆಯಿತಂತೆ, ದೇಶಭಕ್ತಿಯ ಮಾತುಗಳಾದವಂತೆ. ಒಳಗಿನಿಂದ ದೊಡ್ಡತ್ತೆ, ‘ನಾನು ಶಾಸ್ತ್ರಿಗಳಿಗಿಂತ ಐವತ್ತು ವರ್ಷ ಮೊದಲೇ ಸುರುಮಾಡಿದೆ’ ಎಂದಳಂತೆ. ಎಲ್ಲರೂ ನಕ್ಕರು. ನಮ್ಮ ಮನೆಯಲ್ಲಿ ಇದು ತಮಾಷೆಯ ಕತೆಯಾಗಿ ಬಹಳ ವರ್ಷ ಉಳಿಯಿತು. ಅದು ತಮಾಷೆಯಲ್ಲ ಎಂದು ನನಗೆ ಹೊಳೆದದ್ದು ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯನ್ನು ತರಗತಿಯಲ್ಲಿ ಪಾಠ ಮಾಡುವಾಗ, ರಾಮ ಐತಾಳರ ವಿಧವೆ ತಂಗಿ ಸರಸೋತಿ ಕಣ್ಣೆದುರು ನಿಂತಾಗ. ಆ ದಿನ ಪಾಠವನ್ನು ಅರ್ಧಕ್ಕೆ ನಿಲ್ಲಿಸಿ ಹೊರಗೆ ಬಂದೆ. ಸ್ವಂತ ಇಚ್ಛೆಯಿಂದ ಒಂದು ಹೊತ್ತು ಉಪವಾಸವಿರುವುದು ವ್ರತ. ಹತ್ತು ವರ್ಷದ ಹುಡುಗಿಯ ತಟ್ಟೆಯಿಂದ ಮನೆಯವರೆಲ್ಲ ಸೇರಿ ಒಂದು ಹೊತ್ತಿನ ಅನ್ನವನ್ನು ಬದುಕಿನುದ್ದಕ್ಕೂ ತೆಗೆದುಬಿಡುವುದಕ್ಕೆ ಏನು ಹೆಸರು? ಇರುವೆಗೆ ಎರಡು ಬಾರಿ ಎಚ್ಚರಿಕೆ ಕೊಟ್ಟವಳಿಗೆ ಒಂದು ಬಾರಿಯೂ ಯಾರೂ ಕೊಟ್ಟಿರಲಿಲ್ಲ.

ಆ ಅನ್ನ ಎಲ್ಲಿಂದ ಬರುತ್ತಿತ್ತು ಎಂಬುದೂ ಲೆಕ್ಕಕ್ಕೆ ಸೇರಬೇಕಾದ ಬಾಬತ್ತೇ. ಅದು ಗೇಣಿಯ ಅಕ್ಕಿ. ಉತ್ತವನೊಬ್ಬ, ಅಟ್ಟದಲ್ಲಿ ಮುಡಿ ಕಟ್ಟಿ ಇಟ್ಟುಕೊಂಡವನೊಬ್ಬ. ಚಾಲಗೇಣಿಯ ಒಕ್ಕಲಿಗೆ ನಾಳೆಯ ಭರವಸೆ ಇರಲಿಲ್ಲ. ಮಳೆ ಕೆಟ್ಟ ವರ್ಷ ಅವನ ಮನೆಯಲ್ಲಿ ಗಂಜಿಯೂ ತೆಳು, ನಮ್ಮಲ್ಲಿ ನೈವೇದ್ಯ ಎಂದಿನಂತೆ. ಭೂಸುಧಾರಣೆಯ ತಿದ್ದುಪಡಿ ಕಾಯಿದೆ 1974ರ ಮಾರ್ಚ್ 1ರಂದು ಜಾರಿಗೆ ಬಂದು, ಗೇಣಿಯ ಭೂಮಿ ಸರಕಾರಕ್ಕೆ ಸೇರಿ, ಉಳುವವನು ಅರ್ಜಿ ಹಾಕಿ ಒಡೆಯನಾದ. ನಮ್ಮ ಮನೆಯಲ್ಲಿ ಆ ವರ್ಷ ಸೂತಕದ ಮೌನವಿತ್ತು. ನಾನು ಹದಿನೈದರ ಹುಡುಗ, ಸಂತೋಷಪಟ್ಟೆನೆಂದರೆ ಸುಳ್ಳಾಗುತ್ತದೆ. ಅಂಗಡಿಯಿಂದ ಮೊದಲ ಬಾರಿಗೆ ಅಕ್ಕಿ ಕೊಂಡು ತಂದ ದಿನ ಅಮ್ಮ ಅದನ್ನು ಗೆರಸೆಯಲ್ಲಿ ಹಾಕಿಕೊಂಡು ಬಹಳ ಹೊತ್ತು ಕೈಯಾಡಿಸುತ್ತ ಕುಳಿತಿದ್ದಳು. ಆದರೆ ಈಗ ಯೋಚಿಸಿದರೆ, ನಮ್ಮ ಮನೆಯ ಸಸ್ಯಾಹಾರ ಮೊದಲ ಬಾರಿಗೆ ಸ್ವಂತ ದುಡ್ಡಿನದಾದದ್ದು ಅಂದು.

ಪಂಕ್ತಿಯ ವಿಷಯ. ಅತಿಥಿಯಜ್ಞ ನಮ್ಮ ಮನೆಯಲ್ಲಿ ನಡೆಯುತ್ತಿತ್ತು, ನಿಜ. ಅತಿಥಿ ಯಾರೆಂಬುದನ್ನು ನೋಡಿ ಎಲೆ ಒಳಗೋ ಜಗುಲಿಗೋ ಅಂಗಳಕ್ಕೋ ಬೀಳುತ್ತಿತ್ತು. 1931ರ ನವೆಂಬರ್ 20ರಂದು ಗಾಂಧೀಜಿ ಲಂಡನ್ನಿನ ಸಸ್ಯಾಹಾರಿಗಳ ಸಂಘದಲ್ಲಿ, ತಾವು ವಿದ್ಯಾರ್ಥಿಯಾಗಿದ್ದಾಗ ಓದಿ ಮಾರುಹೋದ ಹೆನ್ರಿ ಸಾಲ್ಟ್ ಎದುರಿನಲ್ಲಿಯೇ, ಒಂದು ಮಾತಾಡಿದರು: ಆರೋಗ್ಯಕ್ಕೆಂದು ಸಸ್ಯಾಹಾರ ಹಿಡಿದವರು ಬಹುಮಟ್ಟಿಗೆ ಜಾರುತ್ತಾರೆ, ಅದಕ್ಕೆ ನೈತಿಕ ತಳಹದಿ ಬೇಕು, ಹಾಗೆಂದು ಹಗಲಿರುಳೂ ಊಟದ್ದನ್ನೇ ಮಾತಾಡುವವನಾಗಬಾರದು ಎಂಬುದು ಅದರ ಸಾರ. ಅದೇ ಗಾಂಧೀಜಿ 1934ರ ಫೆಬ್ರುವರಿಯಲ್ಲಿ ಹರಿಜನ ಯಾತ್ರೆಯಲ್ಲಿ ಕುಂದಾಪುರಕ್ಕೆ ಬಂದರು. ಇಲ್ಲಿ ಅವರು ಸಸ್ಯಾಹಾರ ಬೋಧಿಸಬೇಕಾಗಿರಲಿಲ್ಲ. ಅದನ್ನು ಪಾಲಿಸುತ್ತಿದ್ದವರೆದುರು ಅಸ್ಪೃಶ್ಯತೆ ಬಿಡಿರೆಂದು ಬೇಡಬೇಕಾಗಿತ್ತು. ಲಂಡನ್ನಿನಲ್ಲಿ ಹೇಳಿದ ನೈತಿಕ ತಳಹದಿಯ ಎರಡನೆಯ ಅರ್ಧ ಇದು ಎಂದು ನನ್ನ ಭಾವನೆ. ನಮ್ಮ ಹಿರಿಯರು ಸಭೆಗೆ ಹೋಗಿದ್ದರು, ಬಂದು ಸ್ನಾನ ಮಾಡಿದರು. ಪಂಕ್ತಿಭೇದದ ಗಲಾಟೆ ಕರಾವಳಿಯಲ್ಲಿ ಈ ಶತಮಾನದಲ್ಲಿಯೂ ಪತ್ರಿಕೆಗೆ ಬಂದದ್ದನ್ನು ನೀವು ಓದಿದ್ದೀರಿ.

ಧರ್ಮಶಾಸ್ತ್ರ ಮಾಡದ ಕೆಲಸವನ್ನು ಸ್ವಲ್ಪಮಟ್ಟಿಗೆ ಹೋಟೆಲು ಮಾಡಿತು. ಭೂಮಿಯಿಲ್ಲದ ಬಡ ಬ್ರಾಹ್ಮಣರ ಮಕ್ಕಳು ಕೋಟ, ಸಾಲಿಗ್ರಾಮಗಳಿಂದ ಘಟ್ಟ ಹತ್ತಿದರು. ಕಾರಂತರ ಕಾದಂಬರಿಯಲ್ಲಿ ಶೀನಮಯ್ಯರ ಸಂಸಾರ ಬೆಂಗಳೂರಿನ ಹೋಟೆಲಿನಿಂದ ಮೇಲೆ ಬಂದದ್ದು ಬರಿಯ ಕಲ್ಪನೆಯಲ್ಲ. ಕೋಟದ ಬಳಿಯ ಪಾರಂಪಳ್ಳಿಯ ಮಯ್ಯ ಸೋದರರು 1924ರಲ್ಲಿ ಬೆಂಗಳೂರಿನಲ್ಲಿ ತೆರೆದ ಹೋಟೆಲಿನ ಮೊದಲ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. ಅವರಲ್ಲೊಬ್ಬರಾದ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪು ಸುತ್ತಿ ಬಂದು, ಮಡಿಯ ಜಾಗದಲ್ಲಿ ಶುಚಿಯನ್ನು ತಂದರು. ಪಾತ್ರೆಗಳನ್ನು ಬಿಸಿಹಬೆಯಲ್ಲಿ ತೊಳೆಯಿಸಿದರು. 1960ರಲ್ಲಿ ಹೆಸರು ಮಾವಳ್ಳಿ ಟಿಫಿನ್ ರೂಮ್ಸ್ ಎಂದಾಯಿತು. ಜಾತಿಯ ಹೆಸರಿನಿಂದ ಊರಿನ ಹೆಸರಿಗೆ: ಮೂವತ್ತಾರು ವರ್ಷಗಳ ಹಾದಿ. ನಡುವೆ 1950ರ ಸಂವಿಧಾನ, ಹದಿನೈದನೆಯ ವಿಧಿಯಲ್ಲಿ ಹೋಟೆಲನ್ನು ಹೆಸರೆತ್ತಿಯೇ ಹೇಳಿ, ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಬಾರದೆಂದಿತ್ತು. ನಮ್ಮ ಕಡೆ ಮಾಣಿ ಎಂದರೆ ಬ್ರಾಹ್ಮಣರ ಹುಡುಗ, ಅಕ್ಕರೆಯ ಮಾತು. ಹೋಟೆಲಿನಲ್ಲಿ ಅದು ಎಲ್ಲರಿಗೂ ಎಲೆ ಹಾಕಿ, ಬಡಿಸಿ, ಮೇಜು ಒರಸುವವನ ಹೆಸರಾಯಿತು. ಮನೆಯಲ್ಲಿ ಅಂಗಳಕ್ಕೆ ಎಲೆ ಹಾಕುತ್ತಿದ್ದ ವಂಶದ ಹುಡುಗ ಬೆಂಗಳೂರಿನಲ್ಲಿ ಜಾತಿ ಕೇಳದೆ ಲೋಟ ಎತ್ತಿದ. ಹೊಟ್ಟೆಪಾಡಿಗೆ ಎತ್ತಿದ, ಸಂಕಲ್ಪದಿಂದಲ್ಲ. ಜನ್ನನ ಲೆಕ್ಕದಲ್ಲಿ ಅದಕ್ಕೆ ಎಷ್ಟು ಪುಣ್ಯವೋ!

ದೊಡ್ಡತ್ತೆಯ ಅಡುಗೆಯಲ್ಲಿ ಪತ್ರೊಡೆಗೆ ಹೆಸರಿತ್ತು. ಆಕೆಯ ಕೆಸು ಗಂಟಲು ತುರಿಸುವುದಿಲ್ಲ ಎಂದು ನೆಂಟರು ಹೊಗಳುತ್ತಿದ್ದರು. ಹುಣಿಸೆಯ ಅಳತೆಯ ಗುಟ್ಟೆಂದು ನಾವು ತಿಳಿದಿದ್ದೆವು. ಗುಟ್ಟು ಬೇರೆಯೇ ಇತ್ತು. ಆಷಾಢದಲ್ಲಿ ಒಕ್ಕಲಿನ ಹೆಂಗಸೊಬ್ಬಳು ಗೊರಬು ಹೊದ್ದು ಹಿತ್ತಿಲ ಬಾಗಿಲಿಗೆ ಬಂದು, ಹೊರಗೇ ನಿಂತು, ಮರಕೆಸುವಿನ ಎಲೆಗಳನ್ನು ಬಿಡಿಸಿಟ್ಟು, ಯಾವುದು ಯಾವ ಮರದ್ದು, ಯಾವುದರ ದಂಟು ತೆಗೆಯಬೇಕು, ಯಾವುದು ಬೇಡ ಎಂದು ಹೇಳಿಹೋಗುತ್ತಿದ್ದಳು. ದೊಡ್ಡತ್ತೆ ಒಳಗಿನಿಂದ ಕೇಳಿಕೊಳ್ಳುತ್ತಿದ್ದಳು. ಇಬ್ಬರ ನಡುವೆ ಹೊಸ್ತಿಲಿತ್ತು. ನಮ್ಮ ಅಡುಗೆಯ ಎಷ್ಟು ಪಾಲು ಹೀಗೆ ಹೊರಗಿನಿಂದ, ಒಳಗೆ ಕಾಲಿಡಲಾಗದವರ ಬಾಯಿಂದ ಬಂದಿದೆಯೋ!

ನಿವೃತ್ತನಾಗಿ ಊರಿಗೆ ಬಂದ ಮೇಲೆ ಅಡುಗೆ ನಾನೇ ಮಾಡುತ್ತೇನೆ, ಗ್ಯಾಸಿನ ಒಲೆಯಲ್ಲಿ. ಆ ಹೆಂಗಸಿನ ಮೊಮ್ಮಗ ಈಗ ಅದೇ ಗದ್ದೆಯ ಒಡೆಯ. ಕಳೆದ ಆಷಾಢದಲ್ಲಿ ಒಂದು ಕಟ್ಟು ಮರಕೆಸು ತಂದು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟ. ಹಲಸಿನ ಮರದ್ದು, ಮಾವಿನದಲ್ಲ, ತುರಿಸುವುದಿಲ್ಲ ಎಂದ. ಅರ್ಧ ನನಗೆ, ಅರ್ಧ ಅವನ ಮನೆಗೆ ಎಂದು ಬೇಯಿಸಿದೆ. ಸಂಜೆ ಬಂದವನು ಮೇಜಿನ ಬಳಿ ಕುಳಿತು ಒಂದು ತುಂಡು ತಿಂದು ನೋಡಿ, ಹುಳಿ ಒಂಚೂರು ಕಮ್ಮಿಯಾಯ್ತು, ಅಜ್ಜಿ ಇನ್ನೂ ಹಾಕುತ್ತಿದ್ದಳು ಎಂದ.